ಗಾಜಿನ ಚೂರು ಮತ್ತು ಲಾಭದ ಪಾಲು

ಹಣವನ್ನು ಎಲ್ಲಿ ತೊಡಗಿಸಬೇಕು ಎಂಬುದು ಮೇಲ್ನೋಟಕ್ಕೆ ಬರೀ ಲೆಕ್ಕದ ಪ್ರಶ್ನೆ. ಆದರೆ ಬಾಗಲಕೋಟೆ ಸೀಮೆಯ ಜನರಿಗೆ ಅದು ಬದುಕಿನ ಪ್ರಶ್ನೆಯೂ ಹೌದು. ಆಲಮಟ್ಟಿಯ ಹಿನ್ನೀರಿಗೆ ಮನೆ, ಅಂಗಡಿ, ಹೊಲಗಳನ್ನು ಒಪ್ಪಿಸಿ ನವನಗರ ಸೇರಿದ ಊರು ಇದು. ಅಣೆಕಟ್ಟಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಗಾಗಿ ರಾಜ್ಯ ಸರಕಾರವು 2025ರ ಸೆಪ್ಟೆಂಬರಿನಲ್ಲಿ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು. ಹೊಲವು ವರ್ಷ ವರ್ಷವೂ ಅನ್ನ ಕೊಡುತ್ತಿತ್ತು. ಅದರ ಬದಲಿಗೆ ಒಮ್ಮೆಲೇ ಬರುವ ಹಣವನ್ನು ಏನು ಮಾಡುವುದು? ಬಡ್ಡಿ ಬೇಡವೆನ್ನುವ ಕುಟುಂಬಕ್ಕೆ ಈ ಪ್ರಶ್ನೆ ಇನ್ನೂ ಕಠಿಣ.

ಇಂತಹ ಕುಟುಂಬದ ಮುಂದೆ ಒಂದು ಸಣ್ಣ ಕಂಪೆನಿಯ ಷೇರು ಬಂದಿದೆ ಎಂದಿಟ್ಟುಕೊಳ್ಳೋಣ. ಅದು ಹಳೆಯ ಗಾಜನ್ನು ಕೊಂಡು, ಶುಚಿಗೊಳಿಸಿ, ಪುಡಿಮಾಡಿ ಗಾಜಿನ ಕಾರ್ಖಾನೆಗಳಿಗೆ ಮಾರುತ್ತದೆ. ವರ್ಷಕ್ಕೊಮ್ಮೆ ಲಾಭಾಂಶ ಕೊಡುತ್ತದೆ. ಅದು ಬಡ್ಡಿಯ ವ್ಯವಹಾರವಲ್ಲ, ಮದ್ಯದ ತಯಾರಿಕೆಯಲ್ಲ, ಊರಿನ ಕಸವೂ ಕಡಿಮೆಯಾಗುತ್ತದೆ. ಇದರಲ್ಲಿ ಹಣ ತೊಡಗಿಸುವುದು ಧರ್ಮಸಮ್ಮತವೇ? ಹೌದೆಂದು ಥಟ್ಟನೆ ಹೇಳಿಬಿಡಬಹುದು. ಆದರೆ ಥಟ್ಟನೆ ಹೇಳಿದ ಉತ್ತರಗಳೇ ನಮ್ಮನ್ನು ಹೆಚ್ಚಾಗಿ ದಾರಿ ತಪ್ಪಿಸಿರುವುದು.

ಷೇರು ಎಂದರೆ ಪಾಲು. ಪಾಲುದಾರಿಕೆಯ ವ್ಯಾಪಾರ ಇಸ್ಲಾಮಿಗೆ ಹೊಸತಲ್ಲ. ಪ್ರವಾದಿಯವರು(ಸ) ಯುವಕರಾಗಿದ್ದಾಗ ಹಜ್ರತ್ ಖದೀಜಾರ ಸರಕನ್ನು ಹೊತ್ತು ಸಿರಿಯಾದತ್ತ ವ್ಯಾಪಾರಕ್ಕೆ ಹೋದದ್ದು ಪ್ರಸಿದ್ಧ. ಬಂಡವಾಳ ಒಬ್ಬರದು, ದುಡಿಮೆ ಇನ್ನೊಬ್ಬರದು. ಇಂತಹ ವ್ಯವಹಾರವನ್ನು ಧರ್ಮಶಾಸ್ತ್ರಜ್ಞರು ಮುದಾರಬ ಎಂದು ಕರೆದರು. ಅಲ್ಲಿ ಲಾಭವನ್ನು ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು; ನಷ್ಟವಾದರೆ ಬಂಡವಾಳ ಹೂಡಿದವನ ಹಣ ಹೋಗುತ್ತದೆ, ದುಡಿದವನ ಶ್ರಮ ಹೋಗುತ್ತದೆ. ಇಂತಿಷ್ಟು ಕೊಟ್ಟೇ ಕೊಡುತ್ತೇನೆಂಬ ಭರವಸೆಗೆ ಅಲ್ಲಿ ಜಾಗವಿಲ್ಲ. ನಮ್ಮ ದೇಶದ 2013ರ ಕಂಪೆನಿ ಕಾಯಿದೆಯೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ: ಲಾಭಾಂಶವನ್ನು ಆ ವರ್ಷದ ಅಥವಾ ಹಿಂದೆ ಉಳಿಸಿಟ್ಟ ಲಾಭದಿಂದ ಕೊಡಬೇಕೇ ಹೊರತು ಹೂಡಿಕೆದಾರರು ತಂದಿಟ್ಟ ಅಸಲಿನಿಂದಲ್ಲ. ಆದ್ದರಿಂದ ಕೆಟ್ಟ ವರ್ಷದಲ್ಲಿ ಲಾಭಾಂಶ ನಿಲ್ಲಿಸುವ ಕಂಪೆನಿಯನ್ನು ಬೈಯುವ ಮೊದಲು, ಅದು ಪ್ರಾಮಾಣಿಕತೆಯ ಗುರುತೂ ಆಗಿರಬಹುದು ಎಂದು ಯೋಚಿಸಬೇಕು.

ಇದನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಐಎಂಎ ಪ್ರಕರಣ ತೋರಿಸಿಕೊಟ್ಟಿತು. ಹಲಾಲ್ ಹೂಡಿಕೆಯ ಹೆಸರಿನಲ್ಲಿ ತಿಂಗಳು ತಿಂಗಳೂ ಲಾಭ ಹಂಚುತ್ತಿದ್ದ ಆ ಸಂಸ್ಥೆ 2019ರ ಜೂನಿನಲ್ಲಿ ಬಾಗಿಲು ಹಾಕಿತು. ಹತ್ತಾರು ಸಾವಿರ ಮಂದಿ ದೂರು ಕೊಟ್ಟರು. ಮಗಳ ಮದುವೆಗೆಂದು, ಹಜ್ ಯಾತ್ರೆಗೆಂದು ಕೂಡಿಟ್ಟ ಹಣ ಹೋಯಿತು. ಆ ಲಾಭ ಯಾವ ದುಡಿಮೆಯಿಂದ ಬರುತ್ತಿದೆ ಎಂಬ ಸರಳ ಪ್ರಶ್ನೆಯನ್ನು ಹಲಾಲ್ ಎಂಬ ಒಂದು ಪದವು ಮುಚ್ಚಿಹಾಕಿತ್ತು. ಹಲಾಲ್ ಎಂಬುದು ಪೆಟ್ಟಿಗೆಯ ಮೇಲೆ ಅಂಟಿಸುವ ಚೀಟಿಯಲ್ಲ.

ಗಾಜಿನ ದಂಧೆಯನ್ನೇ ನೋಡೋಣ. ಮರಳು, ಸೋಡಾ ಬೂದಿ, ಸುಣ್ಣಕಲ್ಲುಗಳನ್ನು ಸುಮಾರು 1,500 ಡಿಗ್ರಿ ಶಾಖದಲ್ಲಿ ಕರಗಿಸಿ ಗಾಜು ಮಾಡುತ್ತಾರೆ. ಅದಕ್ಕೆ ಹಳೆಯ ಗಾಜಿನ ಚೂರು ಬೆರೆಸಿದರೆ ಉರುವಲು ಉಳಿಯುತ್ತದೆ. ಪ್ರತಿ ನೂರಕ್ಕೆ 10 ಪಾಲು ಚೂರು ಸೇರಿಸಿದಾಗ ಶೇಕಡಾ 2.5ರಿಂದ 3ರಷ್ಟು ಶಕ್ತಿ ಉಳಿತಾಯವಾಗುತ್ತದೆ. ಗಾಜನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡದು. ಆದರೆ ಬಿಳಿ, ಕಂದು, ಹಸಿರು ಗಾಜನ್ನು ಬೇರೆ ಬೇರೆ ಮಾಡಬೇಕು. ಮುಚ್ಚಳ, ಕಲ್ಲು, ಪಿಂಗಾಣಿಯ ತುಂಡುಗಳನ್ನು ಆಯ್ದು ತೆಗೆಯಬೇಕು. ಗಾಜು ಭಾರ, ಬೆಲೆ ಕಡಿಮೆ. ಇಳಕಲ್ಲಿನಿಂದ ದೂರದ ಕುಲುಮೆಗೆ ಲಾರಿಯಲ್ಲಿ ಒಯ್ಯುವಷ್ಟರಲ್ಲಿ ಬಾಡಿಗೆಯೇ ಲಾಭವನ್ನು ತಿನ್ನುತ್ತದೆ. ಇಂತಹ ಕೆಲಸದಿಂದ ಭಾರೀ ಲಾಭ ಬರುತ್ತದೆ ಎನ್ನುವವನ ಮಾತನ್ನು ನಂಬುವ ಮೊದಲು ಆತನ ಲೆಕ್ಕದ ಪುಸ್ತಕ ನೋಡುವುದು ಲೇಸು.

ಇನ್ನೊಂದು ಸಂಶಯವಿದೆ. ಗುಜರಿಗೆ ಬರುವ ಬಾಟಲಿಗಳಲ್ಲಿ ಮದ್ಯದ ಬಾಟಲಿಗಳೂ ಸಾಕಷ್ಟಿರುತ್ತವೆ. ಅದರ ಲಾಭ ನಮಗೆ ಸಲ್ಲುತ್ತದೆಯೇ? ಮದ್ಯವು ತಾನಾಗಿ ಹುಳಿಯಾಗಿ ವಿನಿಗರ್ ಆದರೆ ಅದು ಶುದ್ಧವೆಂದು ಧರ್ಮಶಾಸ್ತ್ರ ಒಪ್ಪಿದೆ. ವಸ್ತುವಿನ ಸ್ವರೂಪ ಬದಲಾದರೆ ತೀರ್ಪೂ ಬದಲಾಗುತ್ತದೆ. ಒಡೆದ ಬಾಟಲಿ ಕುಲುಮೆಯಲ್ಲಿ ಕರಗಿ ಔಷಧಿಯ ಶೀಶೆಯಾದರೆ ಅದರಲ್ಲಿ ದೋಷ ಹುಡುಕಬೇಕಾಗಿಲ್ಲ. ತೊಳೆದು ಮತ್ತೆ ಮದ್ಯ ತುಂಬಿಸಲು ಕಳಿಸುವುದು ಬೇರೆ ಮಾತು. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರೂ ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಾಗುತ್ತಿದೆ. ಜೋಳಿಗೆ ಬಯಸಿದ್ದು ಬಾಟಲಿಗಳು ಕಡಿಮೆಯಾಗಲೆಂದು. ಕಂಪೆನಿ ಬಯಸುವುದು ಬಾಟಲಿಗಳು ಹೆಚ್ಚಲೆಂದು. ಷೇರುದಾರನ ಮನಸ್ಸು ಯಾವ ಕಡೆಗಿದೆ ಎಂಬುದನ್ನು ಅವನೇ ನೋಡಿಕೊಳ್ಳಬೇಕು.

ಆದರೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಾಟಲಿಯದಲ್ಲ, ಅದನ್ನು ಎತ್ತುವ ಕೈಯದು. ದಾರಿಯಲ್ಲಿರುವ ತೊಂದರೆಯ ವಸ್ತುವನ್ನು ತೆಗೆದುಹಾಕುವುದೂ ವಿಶ್ವಾಸದ ಒಂದು ಶಾಖೆ ಎಂದು ಪ್ರವಾದಿಯವರು(ಸ) ಕಲಿಸಿದರು. ಬಾದಾಮಿಗೆ ಬರುವ ಪ್ರವಾಸಿಯ ಬರಿಗಾಲಿಗೆ ಗಾಜು ಚುಚ್ಚದಂತೆ ಅದನ್ನು ಹೆಕ್ಕಿ ತೆಗೆಯುವ ಹೆಂಗಸು ಆ ಶಾಖೆಯ ಕೆಲಸವನ್ನೇ ಮಾಡುತ್ತಿದ್ದಾಳೆ. ಅದೂ ಕೈಚೀಲವಿಲ್ಲದೆ, ಕೊಯ್ದ ಬೆರಳಿಗೆ ಬಟ್ಟೆ ಸುತ್ತಿಕೊಂಡು. ಗುಜರಿಯ ತಕ್ಕಡಿಯಲ್ಲಿ ಆಕೆಯ ಚೀಲ ಎಷ್ಟು ತೂಗುತ್ತದೆ? ಕೊಳ್ಳುವಾಗ ತುಂಬಾ ಅಳೆದುಕೊಂಡು ಕೊಡುವಾಗ ಕಡಿಮೆ ತೂಗುವವರಿಗೆ ಕುರ್‌ಆನಿನ ಒಂದು ಇಡೀ ಅಧ್ಯಾಯವೇ ಎಚ್ಚರಿಕೆಯ ಮಾತಿನಿಂದ ಆರಂಭವಾಗುತ್ತದೆ. ಕೂಲಿಕಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಬೋಧನೆ ನಮ್ಮ ಮಕ್ಕಳಿಗೂ ಬಾಯಿಪಾಠ. ಆ ಬೋಧನೆ ಅಂಗಡಿಯ ಮಾಲಿಕನಿಗೆ ಮಾತ್ರವೋ, ಮನೆಯಲ್ಲಿ ಕೂತು ಲಾಭಾಂಶ ಪಡೆಯುವ ಪಾಲುದಾರನಿಗೂ ಅನ್ವಯಿಸುವುದೋ?

ಪಾಲುದಾರನಿಗೂ ಅನ್ವಯಿಸುತ್ತದೆ ಎಂಬುದೇ ನಮ್ಮ ನಿಲುವು. ಲಾಭದಲ್ಲಿ ಪಾಲು ಕೇಳುವವನು ಆ ಲಾಭ ಬಂದ ದಾರಿಯ ಹೊಣೆಯಲ್ಲೂ ಪಾಲುದಾರ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರ ಪರಂಪರೆ ಕಾಯಕಕ್ಕೆ ಕೊಟ್ಟ ಗೌರವವೂ ಇದನ್ನೇ ಹೇಳುತ್ತದೆ. ಇಳಕಲ್ಲಿನ ಸೀರೆ ಎಷ್ಟು ಚೆಂದವೋ, ಗುಂಡಿಮಗ್ಗದಲ್ಲಿ ಕೂತು ನೇಯುವವನ ಕೂಲಿ ಎಷ್ಟು ಎಂಬ ಪ್ರಶ್ನೆ ಅಷ್ಟೇ ಕಹಿ. ಗಾಜಿನಲ್ಲೂ ಆ ಕಹಿ ಇರಬಹುದು.

ಷೇರುಪೇಟೆಯಲ್ಲಿ ಧರ್ಮಸಮ್ಮತ ಕಂಪೆನಿಗಳನ್ನು ಆರಿಸುವ ಕ್ರಮ ಈಗ ಇದೆ. ಮುಂಬೈ ಷೇರುಪೇಟೆ 2010ರಲ್ಲಿ ಶರೀಅತ್ ಸೂಚ್ಯಂಕವನ್ನೂ ಆರಂಭಿಸಿತು. ಕಂಪೆನಿ ಮದ್ಯ, ಜೂಜುಗಳಲ್ಲಿ ತೊಡಗಿಲ್ಲವೇ, ಅದರ ಸಾಲ ಎಷ್ಟು, ಬಡ್ಡಿಯ ಆದಾಯ ಎಷ್ಟು ಎಂದು ಈ ಕ್ರಮ ನೋಡುತ್ತದೆ. ಅದು ಅಗತ್ಯ, ಆದರೆ ಸಾಲದು. ಚೂರು ಹೆಕ್ಕುವವಳಿಗೆ ಕೈಚೀಲ ಕೊಟ್ಟಿದ್ದೀರಾ, ತಕ್ಕಡಿ ಸರಿಯಿದೆಯೇ, ಅಂದಿನ ಹಣ ಅಂದೇ ಸಿಗುತ್ತದೆಯೇ ಎಂಬ ಪ್ರಶ್ನೆಗಳು ಯಾವ ಸೂಚ್ಯಂಕದಲ್ಲಿಯೂ ಕಾಣುವುದಿಲ್ಲ. ಅವನ್ನು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಒಂದೇ ಒಂದು ಷೇರು ಇರುವವನಿಗೂ ಇದೆ. ಸಣ್ಣ ಕಂಪೆನಿಯಲ್ಲಿ ಆ ದನಿ ಕೇಳಿಸುವ ಸಾಧ್ಯತೆ ಹೆಚ್ಚು.

ಸಣ್ಣ ಹಣದಿಂದ ಗಾಜಿನ ಉದ್ಯಮ ಕಟ್ಟುವ ಕೆಲಸಕ್ಕೆ ನಮ್ಮ ನೆರೆಯಲ್ಲೇ ಹಳೆಯ ಮಾದರಿಯಿದೆ. ಈ ಊರುಗಳು ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿ, ಜನರಿಂದ ಒಂದೊಂದು ಪೈಸೆ ಕೂಡಿಸಿದ ಪೈಸಾ ಫಂಡ್ ಪುಣೆಯ ಬಳಿಯ ತಳೇಗಾಂವ್‌ನಲ್ಲಿ 1908ರಲ್ಲಿ ಗಾಜಿನ ಕಾರ್ಖಾನೆ ತೆರೆಯಿತು. ಅಲ್ಲಿ ಪೈಸೆ ಕೊಟ್ಟವನಿಗೆ ತನ್ನ ಪೈಸೆ ಏನು ಮಾಡುತ್ತಿದೆ ಎಂಬುದು ಗೊತ್ತಿತ್ತು.

ಆದ್ದರಿಂದ ಗಾಜಿನ ಕಂಪೆನಿಯಲ್ಲಿ ಹಣ ತೊಡಗಿಸಬಾರದೆಂದು ನಾವು ಹೇಳುವುದಿಲ್ಲ. ಮುಳುಗಿದ ಹೊಲದ ಬೆಲೆಯನ್ನು ಕಸದಿಂದ ರಸ ತೆಗೆಯುವ ಉದ್ಯಮಕ್ಕೆ ಕೊಡುವುದು ಬಡ್ಡಿಗೆ ಕೊಡುವುದಕ್ಕಿಂತ ಎಷ್ಟೋ ಮೇಲು. ಆದರೆ ಲಾಭಾಂಶ ಎಷ್ಟೆಂದು ಕೇಳುವ ಮೊದಲು, ಅದನ್ನು ಹೆಕ್ಕಿದವಳ ಕೂಲಿ ಎಷ್ಟೆಂದು ಕೇಳೋಣ. ಆ ಉತ್ತರ ಸಮಾಧಾನ ತಂದರೆ ಮಾತ್ರ ಆ ಹಣ ನಮ್ಮ ಮಕ್ಕಳ ತಟ್ಟೆಗೆ ಬರಲಿ.