ಕ್ಲೀನ್ ಮಾಡುವವರು, ಕ್ಲೀನಾಗಿರುವವರು

ಕೊಳೆ ಅನ್ನುವುದು ಇಲ್ಲವೇ ಇಲ್ಲವಂತೆ. ಇರುವುದು ಜಾಗ ತಪ್ಪಿದ ವಸ್ತು ಮಾತ್ರವಂತೆ. ಸಾರು ತಟ್ಟೆಯಲ್ಲಿದ್ದರೆ ಊಟ, ಅಂಗಿಯ ಮೇಲೆ ಬಿದ್ದರೆ ಕೊಳೆ. ಚಪ್ಪಲಿ ಬಾಗಿಲಾಚೆ ಇದ್ದರೆ ಚಪ್ಪಲಿ, ಊಟದ ಮೇಜಿನ ಮೇಲಿದ್ದರೆ ಹೇಸಿಗೆ. ವಿಚಾರ ಸಂಕಿರಣಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೇಳುವವರ ಮುಖದಲ್ಲಿ ಒಂದು ತೆಳುನಗೆ ಇರುತ್ತದೆ, ಕಕ್ಕಸು ತೊಳೆದು ಗೊತ್ತಿಲ್ಲದವರ ನಗೆ.

ಈ ಸಿದ್ಧಾಂತವನ್ನು ಊರೂರಿಗೆ ಮುಟ್ಟಿಸಿದವರು ಬ್ರಿಟನ್ನಿನ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್, 1966ರ ‘ಪ್ಯೂರಿಟಿ ಅಂಡ್ ಡೇಂಜರ್’ ಪುಸ್ತಕದಲ್ಲಿ. ಮಾತು ಅವರಿಗಿಂತ ಹಳೆಯದು. 1852ರಲ್ಲಿ ಲಾರ್ಡ್ ಪಾಮರ್‌ಸ್ಟನ್ ಕೃಷಿಕರ ಕೂಟವೊಂದರಲ್ಲಿ, ಪಟ್ಟಣದ ಕಸವನ್ನು ಹೊಲಕ್ಕೆ ಸಾಗಿಸಿ ಎಂದು ವಾದಿಸುತ್ತ, ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಗೊಬ್ಬರದ ಲೆಕ್ಕಾಚಾರ ಮುಂದೆ ತತ್ವವಾಯಿತು. ಧರ್ಮಶಾಸ್ತ್ರಗಳ ಶೌಚ ಪ್ರಕರಣಗಳನ್ನೂ, ಶುಚಿತ್ವವನ್ನು ದೈವಭಕ್ತಿಯ ಪಕ್ಕದಲ್ಲೇ ಕೂರಿಸಿದ ಪಾದ್ರಿಗಳ ಉಪದೇಶವನ್ನೂ ಇಲ್ಲಿ ಬಿಟ್ಟುಬಿಡುತ್ತೇನೆ. ಎರಡೂ ಆಕಳಿಕೆ ತರಿಸುತ್ತವೆ. ಡಗ್ಲಸ್ ತರಿಸುವುದು ಸಿಟ್ಟನ್ನು, ಹಾಗಾಗಿ ಅವರ ಜೊತೆ ಜಗಳಕ್ಕೆ ಅರ್ಥವಿದೆ.

ಮೊದಲ ತಕರಾರು ಪದದ್ದು. ಇಂಗ್ಲಿಷಿನ ‘ಕ್ಲೀನ್’ ಅನ್ನು ನಾವು ಎಷ್ಟು ನಮ್ಮದಾಗಿಸಿಕೊಂಡಿದ್ದೇವೆಂದರೆ ಗುಡಿಸುವುದು, ಸಾರಿಸುವುದು, ಒರೆಸುವುದು, ಉಜ್ಜುವುದು, ಜೇಡರ ಬಲೆ ತೆಗೆಯುವುದು ಎಲ್ಲವೂ ಈಗ ‘ಕ್ಲೀನ್ ಮಾಡೋದು’. ಲಾರಿಯ ಕ್ಲೀನರ್ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಅನ್ನುತ್ತಾನೆ, ಹಗ್ಗ ಬಿಗಿಯುತ್ತಾನೆ, ಟೈರು ಬದಲಿಸುತ್ತಾನೆ. ಲಾರಿ ತೊಳೆಯುವುದು ಅವನ ಕೆಲಸಗಳಲ್ಲಿ ಕೊನೆಯದು. ಆದರೂ ಪದದ ತಿರುಳು ಕೆಟ್ಟಿಲ್ಲ. ಕ್ಲೀನ್ ಬೌಲ್ಡ್ ಆದವನ ಬ್ಯಾಟಿಗಾಗಲಿ ಪ್ಯಾಡಿಗಾಗಲಿ ಚೆಂಡು ತಾಗಿರುವುದಿಲ್ಲ. ಕ್ಲೀನ್ ಶೇವ್ ಆದ ಕೆನ್ನೆಯಲ್ಲಿ ಕೂದಲು ಉಳಿದಿರುವುದಿಲ್ಲ. ಕ್ಲೀನ್ ಚಿಟ್ ಸಿಕ್ಕ ರಾಜಕಾರಣಿಯ ಮೇಲೆ ಆರೋಪ ಉಳಿದಿರುವುದಿಲ್ಲ, ಕಡತದಲ್ಲಾದರೂ. ಇಲ್ಲೆಲ್ಲ ಕೇಳುತ್ತಿರುವುದು ಏನಾದರೂ ಅಂಟಿಕೊಂಡು ಉಳಿದಿದೆಯೇ ಅಂತ. ಯಾವುದು ಯಾವ ಜಾಗದಲ್ಲಿರಬೇಕು ಅನ್ನುವುದು ಆ ಪದದ ತಲೆನೋವೇ ಅಲ್ಲ.

ಅಂಟಿ ಉಳಿದದ್ದು ಕೊಲ್ಲುತ್ತದೆ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನ್ನು ವೈದ್ಯರೂ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದರು, ಇನ್ನೊಂದನ್ನು ಸೂಲಗಿತ್ತಿಯರು. ಬಾಣಂತಿಯರು ಹೆಚ್ಚು ಸಾಯುತ್ತಿದ್ದದ್ದು ವೈದ್ಯರ ಕೈಯಲ್ಲಿ. ಅವರು ಶವ ಕೊಯ್ದು ಬಂದು ಹೆರಿಗೆ ಮಾಡಿಸುತ್ತಿದ್ದರೆಂಬುದನ್ನು ಇಗ್ನಾಜ್ ಸೆಮೆಲ್‌ವೈಸ್ ಗುರುತಿಸಿದ. 1847ರ ಮೇ ತಿಂಗಳಲ್ಲಿ ಕ್ಲೋರಿನ್ ನೀರಲ್ಲಿ ಕೈ ತೊಳೆಯುವ ನಿಯಮ ತಂದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜುಲೈ ಹೊತ್ತಿಗೆ 2ಕ್ಕಿಂತ ಕೆಳಗಿಳಿಯಿತು. ಸಭ್ಯರ ಕೈ ಕೊಳಕಾಗಿರಲು ಸಾಧ್ಯವೇ ಎಂದು ಸಹೋದ್ಯೋಗಿಗಳಲ್ಲಿ ಅನೇಕರು ಒಪ್ಪಲಿಲ್ಲ. ಅವರ ಮನಸ್ಸಿನ ವ್ಯವಸ್ಥೆಯಲ್ಲಿ ವೈದ್ಯನ ಕೈ ಇರಬೇಕಾದ ಜಾಗದಲ್ಲೇ ಇತ್ತು. ಜಾಗ ಸರಿಯಿದ್ದೂ ಹೆಣ್ಣುಮಕ್ಕಳು ಸತ್ತರು.

ಡಗ್ಲಸ್ ಪಕ್ಷದವರು ಸುಮ್ಮನಿರುವುದಿಲ್ಲ. ರೋಗಾಣುವಿನ ಸಂಗತಿ ಅವರಿಗೂ ಗೊತ್ತಿತ್ತು, ಅದನ್ನು ಪಕ್ಕಕ್ಕಿಟ್ಟೇ ಮಾತಾಡಿದರು ಅನ್ನುತ್ತಾರೆ. ನಿಜ. ಆದರೆ ಪಕ್ಕಕ್ಕಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳಲೇ ಇಲ್ಲವಲ್ಲ! ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಅವರು ಇನ್ನೂ ಮುಂದೆ ಹೋಗುತ್ತಾರೆ: ಗುರುತು ಕಳೆದುಕೊಂಡು ತಿಪ್ಪೆ ಸೇರಿದ ಕಸದಿಂದ ಅಪಾಯವಿಲ್ಲ, ಏಕೆಂದರೆ ಅದಕ್ಕೀಗ ಸ್ವಂತ ಜಾಗ ಸಿಕ್ಕಿದೆ. ಈ ವಾಕ್ಯವನ್ನು ಮಂಡೂರಿನವರಿಗೆ ಓದಿ ಹೇಳಬೇಕು. ಬೆಂಗಳೂರು ತಾನು ಕ್ಲೀನಾಗಲು ವರ್ಷಗಟ್ಟಲೆ ತನ್ನ ಕಸವನ್ನು ಆ ಊರಿಗೆ ಸುರಿಯಿತು. ನಗರದ ಕಣ್ಣಲ್ಲಿ ಅದು ಕಸ ಸೇರಬೇಕಾದ ಜಾಗವೇ. ಅಲ್ಲಿ ಬದುಕುವವರಿಗೆ ಅದು ನೊಣ, ದುರ್ನಾತ, ಕೆಟ್ಟ ನೀರು. 2014ರಲ್ಲಿ ಜನ ಬೀದಿಗಿಳಿದರು, ವರ್ಷದ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ಮಂಡೂರು ತಪ್ಪಿತು ಅಂದರೆ ಇನ್ಯಾವುದೋ ಊರು ಸಿಕ್ಕಿತು ಅಂತಲೇ.

ಇಲ್ಲಿಗೆ ಗೆದ್ದೆ ಅಂದುಕೊಳ್ಳಬಹುದಿತ್ತು. ಅಜ್ಜಿ ಅಡ್ಡ ಬರುತ್ತಾಳೆ. ಸಾಗರದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಿದ ಸೀರೆಯನ್ನು ಶಾಲೆಯಿಂದ ಬಂದ ನಾನು ಮುಟ್ಟಿದರೆ ಮೈಲಿಗೆ. ಪಾಚಿಗಟ್ಟಿದ ಕೆರೆಯಲ್ಲಿ ಅದ್ದಿ ತಂದ ಒದ್ದೆ ಪಂಚೆ ಮಡಿ. ಅಡುಗೆಮನೆಯ ನೆಲಕ್ಕೆ ಸೆಗಣಿ ಸಾರಿಸಿದರೇನೇ ಒಲೆ ಹಚ್ಚುವುದು. ಯಾವ ರೋಗಾಣುಶಾಸ್ತ್ರ ಇದನ್ನು ವಿವರಿಸೀತು? ಡಗ್ಲಸ್ ವಿವರಿಸುತ್ತಾರೆ. ಮಲೆನಾಡಿನ ಹವ್ಯಕರ ಮಡಿಮೈಲಿಗೆಯ ಬಗ್ಗೆ ಎಡ್ವರ್ಡ್ ಹಾರ್ಪರ್ ಬರೆದದ್ದನ್ನು ಅವರು ಬಳಸಿಕೊಂಡಿದ್ದಾರೆ, ಸೆಗಣಿಯ ಒಗಟನ್ನೂ ಬಿಡಿಸಿದ್ದಾರೆ: ಹಸುವಿನ ಅತ್ಯಂತ ಅಶುದ್ಧವಾದದ್ದೂ ಪುರೋಹಿತನ ಶುದ್ಧಿಗಿಂತ ಮೇಲಿನ ಮೆಟ್ಟಿಲಲ್ಲಿದೆ, ಆದ್ದರಿಂದ ಅವನನ್ನು ತೊಳೆಯಬಲ್ಲದು. ಲಂಡನ್ನಿನ ವಿದುಷಿಯೊಬ್ಬರು ನಮ್ಮಜ್ಜಿಯ ಅಡುಗೆಮನೆಯನ್ನು ನನಗಿಂತ ಚೆನ್ನಾಗಿ ಓದಿದ್ದರು. ಕೊಟ್ಟಿಗೆ ಬಾಚುತ್ತಿದ್ದ ಹೆಂಗಸಿಗೆ ಅಲ್ಲಿ ನೀರು ಕೊಡುತ್ತಿದ್ದದ್ದು ಕರಟದಲ್ಲಿ. ಆಕೆಯ ಕೈ ನನ್ನ ಕೈಗಿಂತ ಕೊಳೆಯಾಗಿತ್ತೆಂದಲ್ಲ, ಆಕೆಗೊಂದು ಜಾಗ ಗೊತ್ತು ಮಾಡಲಾಗಿತ್ತು ಅಂತ.

ಕ್ಲೀನ್ ಎಂಬ ಪದ ಬಂದಾಗ ಈ ಮಡಿಯ ಕಾಟ ತಪ್ಪೀತು ಎಂಬ ಆಸೆ ನಮ್ಮ ತಲೆಮಾರಿಗಿತ್ತು. ಸೋಪು, ಫಿನಾಯಿಲು, ನಲ್ಲಿ ನೀರು, ಅವಕ್ಕೆ ಜಾತಿಯಿಲ್ಲ. ಈಗ ಬೆಂಗಳೂರಲ್ಲಿ ಮನೆ ಬಾಡಿಗೆಗೆ ಕೊಡುವವರು ‘ಕ್ಲೀನ್ ಫ್ಯಾಮಿಲಿ ಬೇಕು’ ಅನ್ನುತ್ತಾರೆ. ಬಾಡಿಗೆದಾರರು ವಾರಕ್ಕೆಷ್ಟು ಸಲ ಸ್ನಾನ ಮಾಡುತ್ತಾರೆಂದು ಅವರು ಕೇಳುತ್ತಿಲ್ಲ, ಮೀನು ಮಾಂಸ ತಿನ್ನುತ್ತಾರೆಯೇ ಎಂದು ಕೇಳುತ್ತಿದ್ದಾರೆ. ನಾನಿರುವ ಅಪಾರ್ಟ್‌ಮೆಂಟಿನಲ್ಲೇ ಮನೆಗೆಲಸದವರಿಗೆ ಬೇರೆ ಲಿಫ್ಟ್ ಇದೆ, ಕಾರಣ ಕೇಳಿದರೆ ಬರುವ ಉತ್ತರವೂ ‘ಕ್ಲೀನಾಗಿರ್ಲಿ ಅಂತ’. ಬೆಳಗ್ಗೆ ಇನ್ನೊಂದು ಲಿಫ್ಟನ್ನು ಒರೆಸುವವರು ಅವರೇ. ಉಳಿಕೆಯ ಅರ್ಥ ಒಂದೇ ಸಾಕೆಂದು ಹೊರಟ ನನ್ನ ವಾದ ಇಲ್ಲಿ ಮುಗ್ಗರಿಸುತ್ತದೆ. ಪದ ಬದಲಾಯಿತು, ಮಡಿ ಹೋಗಲಿಲ್ಲ.

ಹಾಗಾದರೆ ಡಗ್ಲಸ್ ಸರಿಯೇ? ಮ್ಯಾನ್‌ಹೋಲ್‌ನ ಮುಚ್ಚಳ ತೆಗೆದು ಯೋಚಿಸಿ. ಒಳಗಿರುವ ಮಲ ಅದರ ಜಾಗದಲ್ಲಿದೆ. ಹೈಡ್ರೋಜನ್ ಸಲ್ಫೈಡ್ ಕೂಡ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲ ಹೆಚ್ಚಾದಾಗ ಮೊದಲು ಮೂಗನ್ನೇ ಮರಗಟ್ಟಿಸುತ್ತದೆ, ಅಪಾಯ ತಪ್ಪಿತು ಅನ್ನಿಸುವ ಹೊತ್ತಿಗೆ ಉಸಿರು ನಿಲ್ಲುತ್ತದೆ. ಅಲ್ಲಿ ಜಾಗ ತಪ್ಪಿ ಇರುವವನು ಮನುಷ್ಯ ಒಬ್ಬನೇ. ಆದರೆ ಜಾತಿ ಎಂಬ ವ್ಯವಸ್ಥೆ ಅವನೂ ತನ್ನ ಜಾಗದಲ್ಲೇ ಇದ್ದಾನೆ ಅನ್ನುತ್ತದೆ. ಎರಡು ವ್ಯವಸ್ಥೆಗಳು ಹೀಗೆ ಎದುರುಬದುರಾದಾಗ ಯಾವುದು ಸರಿ ಎಂದು ಡಗ್ಲಸ್‌ರ ಸೂತ್ರ ಹೇಳುವುದಿಲ್ಲ. ಜಾತಿಯನ್ನು ಅವರು ಒಂದು ದೇಹದಂತೆ ಚಿತ್ರಿಸುತ್ತಾರೆ: ತಲೆ ಯೋಚಿಸುತ್ತದೆ, ಪ್ರಾರ್ಥಿಸುತ್ತದೆ, ಕೀಳೆನಿಸಿದ ಅಂಗಗಳು ಮಲ ಸಾಗಿಸುತ್ತವೆ. ಸಂಕೇತವಾಗಿ ಚಿತ್ರ ಅಚ್ಚುಕಟ್ಟಾಗಿದೆ. ಆ ಅಂಗಕ್ಕೆ ಉಸಿರು ಕಟ್ಟುತ್ತದೆ ಎಂಬುದು ಅದರಲ್ಲಿಲ್ಲ.

ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದಾಗ ಅವರು ತಡೆದದ್ದು ಸೋರುವ ಬಕೆಟ್ಟನ್ನೋ, ಯಾರ ತಲೆ ಯಾವುದಕ್ಕೆ ಎಂಬ ವಿಂಗಡಣೆಯನ್ನೋ? ಎರಡನ್ನೂ ಅನ್ನಬೇಕು. ಹಾಗನ್ನುವ ಹೊತ್ತಿಗೆ ಸೆಮೆಲ್‌ವೈಸ್‌ನ ಕ್ಲೀನ್ ಬೇರೆ, ಡಗ್ಲಸ್‌ರ ಕ್ಲೀನ್ ಬೇರೆ ಎಂದು ನಾನು ಹಾಕಿಕೊಂಡ ಗೆರೆ ಅಳಿಸಿಹೋಗಿರುತ್ತದೆ. ಅದನ್ನು ಮತ್ತೆ ಎಲ್ಲಿ ಎಳೆಯಬೇಕೆಂದು ನನಗೆ ಸದ್ಯಕ್ಕೆ ತೋಚುತ್ತಿಲ್ಲ.

ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸಕೂಡದೆಂದು 2013ರ ಕಾಯ್ದೆ ಹೇಳಿತು. ಇಳಿದು ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಇದ್ದ ಪರಿಹಾರವನ್ನು ಸುಪ್ರೀಂ ಕೋರ್ಟ್ 30 ಲಕ್ಷಕ್ಕೆ ಏರಿಸಬೇಕಾಗಿ ಬಂದದ್ದು 2023ರ ಅಕ್ಟೋಬರ್‌ನಲ್ಲಿ.