ಬಾಗಿಲಾಚೆಯ ಲಾಜರ, ಗಡಿಯಾಚೆಯ ನೀರು

ಸಾಧಾರಣ ಕಾಲದ 26ನೆಯ ಭಾನುವಾರ – ಲೂಕ 16:19-31
ಸೃಷ್ಟಿಯ ಕಾಲದ ಚಿಂತನೆ



ಈ ಭಾನುವಾರದ ಶುಭಸಂದೇಶದಲ್ಲಿ ಪ್ರಭು ಯೇಸು ಧನಿಕ ಮತ್ತು ಲಾಜರನ ಸಾಮತಿಯನ್ನು ಹೇಳುತ್ತಾರೆ. ಈ ಧನಿಕ ಮಾಡಿದ ಅಪರಾಧವಾದರೂ ಏನು ಎಂದು ಹುಡುಕಿದರೆ ನಮಗೆ ಆಶ್ಚರ್ಯವಾಗುತ್ತದೆ. ಅವನು ಕದ್ದನೆಂದು ಯೇಸು ಹೇಳುವುದಿಲ್ಲ. ಲಾಜರನನ್ನು ಹೊಡೆದನೆಂದಾಗಲಿ, ಬೈದು ಅಟ್ಟಿದನೆಂದಾಗಲಿ ಹೇಳುವುದಿಲ್ಲ. ಧನಿಕ ಮನೆಯೊಳಗೆ ಉಂಡ, ಲಾಜರ ಬಾಗಿಲ ಹೊರಗೆ ಹಸಿದಿದ್ದ, ಅಷ್ಟೇ. ಆ ಮನುಷ್ಯನ ಹೊಣೆ ಅವನ ಬಾಗಿಲಿಗೆ ಬಂದು ನಿಂತುಬಿಟ್ಟಿತ್ತು. ಬಾಗಿಲಿನಾಚೆ ಇರುವುದು ತನ್ನದಲ್ಲ ಎಂದು ಅವನು ತಿಳಿದಿದ್ದ.

ಸತ್ತ ಮೇಲೆ ಅವನು ಕೇಳುವುದೇನು? ಬೆರಳ ತುದಿಯಲ್ಲಿ ಅದ್ದಿದ ಒಂದು ಹನಿ ನೀರು. ಅದೂ ಆಚೆ ಕಡೆಯಿಂದ, ತಾನು ಎಂದೂ ಕಣ್ಣೆತ್ತಿ ನೋಡದವನ ಕೈಯಿಂದ. ಆದರೆ ಆಗ ನಡುವೆ ದಾಟಲಾಗದ ಕಂದರ. ಬದುಕಿದ್ದಾಗ ಅದು ಕಂದರವಾಗಿರಲಿಲ್ಲ, ತೆಗೆಯಬಹುದಾದ ಬಾಗಿಲಾಗಿತ್ತು. ತೆಗೆಯದೆ ಬಿಟ್ಟ ಬಾಗಿಲೇ ಕೊನೆಗೆ ಕಂದರವಾಯಿತು.

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ತನಕ ಧರ್ಮಸಭೆ ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಈ ಕಾಲದಲ್ಲಿ ಈ ಸಾಮತಿಯನ್ನು ಕೇಳುವಾಗ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ಬಾಳುವ ನಮಗೆ ನಮ್ಮ ಹೊಳೆಗಳು ನೆನಪಾಗದೆ ಇರಲಾರವು.

ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ನದಿಗಳು ಸಹ್ಯಾದ್ರಿಯಿಂದ ಇಳಿದು ಪ್ರಯಾಗ ಚಿಖಲಿಯಲ್ಲಿ ಕೂಡಿ ಪಂಚಗಂಗೆಯಾಗುತ್ತವೆ. ಪಂಚಗಂಗೆ ಕೊಲ್ಹಾಪುರವನ್ನು ಬಳಸಿ, ಇಚಲಕರಂಜಿಯನ್ನು ಮುಟ್ಟಿ, ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ. ಸ್ವಲ್ಪ ದೂರ ಹೋದರೆ ಕರ್ನಾಟಕ. ಇತ್ತ ಆಂಬೋಲಿಯ ಬಳಿ ಹುಟ್ಟುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ, ಸಂಕೇಶ್ವರಗಳನ್ನು ದಾಟಿ ಘಟಪ್ರಭೆಗೆ ಸೇರುತ್ತದೆ. ಗಡಹಿಂಗ್ಲಜದ ಸೇತುವೆಯ ಕೆಳಗೆ ಹರಿದ ನೀರೇ ಮುಂದೆ ಗೋಕಾಕ ಜಲಪಾತದಲ್ಲಿ ಧುಮುಕುತ್ತದೆ. ನೀರಿಗೆ ಯಾವ ಊರಿನಲ್ಲೂ ಮರಾಠಿ ಬಿಟ್ಟು ಕನ್ನಡ ಆಡಬೇಕಾದ ಪ್ರಸಂಗ ಬರುವುದಿಲ್ಲ. ಅದು ಇಳಿಜಾರನ್ನು ಮಾತ್ರ ಬಲ್ಲದು.

ಆದರೆ ಈ ಒಂದೇ ನೀರಿಗೆ ಒಡೆಯರು ಎಷ್ಟು ಮಂದಿ! ಘಟ್ಟದ ಕಾಡು ಅರಣ್ಯ ಇಲಾಖೆಗೆ, ಅಣೆಕಟ್ಟು ಜಲಸಂಪನ್ಮೂಲ ಇಲಾಖೆಗೆ, ಚರಂಡಿ ಮಹಾನಗರಪಾಲಿಕೆಗೆ, ಕಾರ್ಖಾನೆಯ ಕೊಳೆ ಮಾಲಿನ್ಯ ನಿಯಂತ್ರಣ ಮಂಡಳಿಗೆ, ದಂಡೆಯ ಹಳ್ಳಿ ಗ್ರಾಮ ಪಂಚಾಯತಿಗೆ. ಗಡಿ ದಾಟಿದ ಮೇಲೆ ಮತ್ತೆ ಇಷ್ಟೇ ಕಚೇರಿಗಳು, ಬೇರೆ ಹೆಸರಿನಲ್ಲಿ. ಗಡಿ ಇರುವುದು ಪಾಪವಲ್ಲ. ಯಾರೋ ಒಬ್ಬರು ಹೊಣೆ ಹೊರಬೇಕಾದರೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಗೆರೆಯ ಆಚೆಗೆ ಕಣ್ಣು ಹಾಯಿಸದಿರುವುದು ಮಾತ್ರ ಆ ಧನಿಕನ ಪಾಪ.

2019ರ ಆಗಸ್ಟ್ ನಮಗೆ ಮರೆತಿಲ್ಲ. ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ 39 ಅಡಿ ಎಂದರೆ ಎಚ್ಚರಿಕೆಯ ಮಟ್ಟ, 43 ಅಡಿ ಎಂದರೆ ಅಪಾಯದ ಮಟ್ಟ. ಆ ವರ್ಷ ಪಂಚಗಂಗೆ 50 ಅಡಿಯನ್ನೂ ಮೀರಿತು. ಶಿರೋಲಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿ ಹಲವು ದಿನ ಮುಚ್ಚಿತು. ಶಿರೋಳ ತಾಲ್ಲೂಕಿನ ಹಳ್ಳಿಗಳಂತೆಯೇ ಚಿಕ್ಕೋಡಿ, ಅಥಣಿ, ಗೋಕಾಕದ ಹಳ್ಳಿಗಳೂ ಮುಳುಗಿದವು. ಎರಡೇ ವರ್ಷದಲ್ಲಿ, 2021ರ ಜುಲೈಯಲ್ಲಿ, ಮತ್ತೆ ಮಹಾಪೂರ. ಹವಾಮಾನ ಬದಲಾದಂತೆ ನಾಲ್ಕು ತಿಂಗಳಲ್ಲಿ ಹದವಾಗಿ ಬರಬೇಕಾದ ಮಳೆ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಆಗ ಮೇಲಿನ ಅಣೆಕಟ್ಟಿನಲ್ಲಿ ನೀರು ಹಿಡಿಯುವಂತಿಲ್ಲ, ಕೆಳಗಿನ ಹೊಳೆಯಲ್ಲಿ ಬಿಡುವಂತಿಲ್ಲ.

ಆ ದಿನಗಳಲ್ಲಿ ಎರಡು ಭಾಷೆಯ ಪತ್ರಿಕೆ ಓದುವ ನಮ್ಮ ಮನೆಗಳಿಗೆ ಒಂದು ವಿಚಿತ್ರ ಕಂಡಿತು. ಮರಾಠಿ ಸುದ್ದಿಯಲ್ಲಿ ತಪ್ಪು ಆಲಮಟ್ಟಿಯದು, ಕನ್ನಡ ಸುದ್ದಿಯಲ್ಲಿ ತಪ್ಪು ಕೊಯ್ನಾದ್ದು. ಒಂದೇ ಪೂರಕ್ಕೆ ಎರಡು ಆರೋಪಪಟ್ಟಿ. ಮಹಾರಾಷ್ಟ್ರ ಸರ್ಕಾರ ನೇಮಿಸಿದ ವಡ್ನೇರೆ ಸಮಿತಿ 2020ರಲ್ಲಿ ತನ್ನ ವರದಿ ಕೊಟ್ಟಾಗ ಪೂರದ ಮುಖ್ಯ ಕಾರಣ ಆಲಮಟ್ಟಿಯೆಂದು ಹೇಳಲಿಲ್ಲ. ಅಸಾಧಾರಣ ಮಳೆಯ ಕಡೆಗೆ, ಹೊಳೆಯ ಪಾತ್ರದಲ್ಲಿ ಎದ್ದ ಕಟ್ಟಡಗಳ ಕಡೆಗೆ ಬೆರಳು ತೋರಿಸಿತು. ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ವಿಷಯದಲ್ಲಿ ಎರಡು ರಾಜ್ಯಗಳ ನಡುವೆ ಇನ್ನೂ ವಾದವಿದೆ. ಅದನ್ನು ತೀರ್ಮಾನಿಸುವ ಪೀಠ ನಮ್ಮದಲ್ಲ. ಆದರೆ ಯಾರ ಮೇಲಾದರೂ ತಪ್ಪು ಹೊರಿಸಿದ ಮೇಲೆ ನಮ್ಮ ಕೆಲಸ ಮುಗಿಯಿತೆಂಬ ಭಾವನೆಯನ್ನು ಈ ಪೀಠದಿಂದ ಪ್ರಶ್ನಿಸಲೇಬೇಕು.

ನೆರೆಯಲ್ಲಿ ‘ಹಿಡಿದುಕೊಳ್ಳಿ’ ಎಂದ ಬಾಯಿಯೇ ಬೇಸಿಗೆಯಲ್ಲಿ ‘ಬಿಡಿ’ ಎನ್ನಬೇಕಾಗುತ್ತದೆ. 2023ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ವಾರಣಾ ಮತ್ತು ಕೊಯ್ನಾ ಜಲಾಶಯದಿಂದ ಕುಡಿಯುವ ನೀರು ಬಿಡಿರೆಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳಿಕೊಂಡಿತು. ಇಂದು ಬಾಗಿಲೊಳಗೆ ಉಣ್ಣುವವನು ನಾಳೆ ಹನಿಗೆ ಕೈಚಾಚುತ್ತಾನೆ. ಸಾಮತಿಯಲ್ಲಿ ಇದಕ್ಕೆ ಒಂದು ಸಾವು ಬೇಕಾಯಿತು. ನಮ್ಮ ಹೊಳೆಯಲ್ಲಿ ಒಂದು ಬೇಸಿಗೆ ಸಾಕು.

ಗಡಿಯೆಂದರೆ ರಾಜ್ಯದ ಗಡಿಯೊಂದೇ ಅಲ್ಲ. ಸಾಮತಿಯ ಧನಿಕ ಬಣ್ಣ ಹಾಕಿದ ದುಬಾರಿ ಬಟ್ಟೆ ಉಡುತ್ತಿದ್ದನೆಂದು ಸಂತ ಲೂಕ ಬರೆದಿದ್ದಾರೆ. ಬಣ್ಣದ ಬಟ್ಟೆ ಎಂದರೆ ಇಚಲಕರಂಜಿಯವರಾದ ನಮಗೆ ವಿವರಿಸಿ ಹೇಳಬೇಕಿಲ್ಲ. ಮಗ್ಗ ಈ ಊರಿಗೆ ಅನ್ನ ಕೊಟ್ಟಿದೆ, ನಮ್ಮ ಅನೇಕ ಕುಟುಂಬಗಳನ್ನು ಇಲ್ಲಿಗೆ ಕರೆತಂದದ್ದೂ ಅದೇ. ಆದರೆ ಬಟ್ಟೆ ಸಂಸ್ಕರಿಸಿದ ನೀರು ಕಾಳಾ ಓಢಾದಲ್ಲಿ ಪಂಚಗಂಗೆಗೆ ಇಳಿಯುತ್ತದೆ. ಅದಕ್ಕೂ ಮೇಲೆ ಕೊಲ್ಹಾಪುರದ ಜಯಂತಿ ನಾಲೆಯ ಕೊಳಚೆ ಸೇರಿರುತ್ತದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಸಾವಿರಾರು ಜನ ಹಾಸಿಗೆ ಹಿಡಿದರು, ಕೆಲವರು ತೀರಿಕೊಂಡರು. ತನ್ನ ಹೊಳೆಯ ನೀರು ಕುಡಿಯಲಾಗದ ನಗರ ಕೃಷ್ಣೆಯ ಕಡೆಗೆ ತಿರುಗಿತು. ಆಮೇಲೆ ವಾರಣೆಯಿಂದ ನೀರು ತರುವ ಯೋಜನೆ ಬಂತು, ದಂಡೆಯ ಹಳ್ಳಿಗಳು ವಿರೋಧಿಸಿದವು. ಸುಳಕೂಡದಲ್ಲಿ ದೂಧಗಂಗೆಯಿಂದ ತರುವ ಯೋಜನೆ ಬಂತು, ಅಲ್ಲಿಯೂ ವಿರೋಧ. ಬಾಯಾರಿದ ನಗರದ ಬೇಡಿಕೆ ಸುಳ್ಳಲ್ಲ, ಹಳ್ಳಿಯವರ ಭಯವೂ ಸುಳ್ಳಲ್ಲ. ಆದರೆ ಎರಡರ ನಡುವೆ ಉತ್ತರವಿಲ್ಲದೆ ಬಿದ್ದಿರುವುದು ಪಂಚಗಂಗೆ. ನಮ್ಮ ಬಾಗಿಲಲ್ಲಿ ಮಲಗಿರುವ ಲಾಜರ ಅವಳೇ.

ಘಟ್ಟದ ಕಾಡಿನ ಕಥೆಯೂ ಇದೇ. ಸುಮಾರು 2002ರಿಂದ ಕರ್ನಾಟಕದ ಕಾಡಿನ ಆನೆಗಳು ತಿಲಾರಿಯನ್ನು ದಾಟಿ ಚಂದಗಡ, ಆಜರಾದ ಕಡೆಗೆ ಬರುತ್ತಿವೆ. ಅವುಗಳಿಗೆ ದಾಂಡೇಲಿಯಿಂದ ರಾಧಾನಗರಿಯವರೆಗೆ ಕಾಡು ಒಂದೇ. ನಡುವೆ ಮೂರು ರಾಜ್ಯಗಳು, ಹಲವು ಅರಣ್ಯ ವಿಭಾಗಗಳು. 1958ರಲ್ಲಿ ಅಭಯಾರಣ್ಯವಾದ ರಾಧಾನಗರಿ 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ತಿಲಾರಿ 2020ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು. ಇವು ಬೇಕಾದ ಕೆಲಸಗಳು. ಆದರೆ ಒಂದೊಂದು ತುಂಡನ್ನು ಕಾಯ್ದು ನಡುವಿನ ದಾರಿಯನ್ನು ಬಿಟ್ಟರೆ ಆನೆ ಕಬ್ಬಿನ ಗದ್ದೆಗೆ ಇಳಿಯುತ್ತದೆ. ರಾತ್ರಿಯೆಲ್ಲ ಗದ್ದೆ ಕಾದು ಬೆಳಿಗ್ಗೆ ಮುರಿದ ಕಬ್ಬು ನೋಡುವ ರೈತನೂ ಲಾಜರನೇ. ಕಾಡು ಎಲ್ಲರಿಗೂ ಬೇಕು, ಅದರ ನಷ್ಟ ಅವನೊಬ್ಬನಿಗೆ ಎನ್ನುವುದು ನ್ಯಾಯವಲ್ಲ.

ಸಾಮತಿಯ ಕೊನೆಗೆ ಬರೋಣ. ತನ್ನ ತಂದೆಯ ಮನೆಯಲ್ಲಿರುವ ಐವರು ಸಹೋದರರನ್ನು ಎಚ್ಚರಿಸಲು ಲಾಜರನನ್ನು ಕಳುಹಿಸೆಂದು ಧನಿಕ ಅಬ್ರಹಾಮನಲ್ಲಿ ಬೇಡುತ್ತಾನೆ. ಗಮನಿಸಿ: ಅಷ್ಟು ಬೇಗೆಯಲ್ಲಿಯೂ ಅವನ ನೆನಪಿಗೆ ಬರುವುದು ತನ್ನ ಮನೆಯ ಐವರೇ. ಬಾಗಿಲು ಇನ್ನೂ ಅಲ್ಲೇ ಇದೆ. ಅಬ್ರಹಾಮನ ಉತ್ತರ ಕಠಿಣವಾದುದು. ಮೋಶೆಯೂ ಪ್ರವಾದಿಗಳೂ ಅವರಿಗೆ ಇದ್ದಾರೆ, ಅವರ ಮಾತು ಕೇಳಲಿ ಎನ್ನುತ್ತಾನೆ.

ನಮಗೂ ಎಚ್ಚರಿಕೆಗೆ ಕೊರತೆಯಿಲ್ಲ. ಮಾಧವ ಗಾಡ್ಗೀಳರ ಸಮಿತಿ ಪಶ್ಚಿಮ ಘಟ್ಟದ ವರದಿ ಕೊಟ್ಟದ್ದು 2011ರಲ್ಲಿ, ಕಸ್ತೂರಿರಂಗನ್ ಸಮಿತಿ ಕೊಟ್ಟದ್ದು 2013ರಲ್ಲಿ. ಕೇಂದ್ರ ಸರ್ಕಾರ ಕರಡು ಅಧಿಸೂಚನೆಯನ್ನು ಮತ್ತೆ ಮತ್ತೆ ಹೊರಡಿಸಿ, 2024ರ ಜುಲೈಯಲ್ಲಿ ಆರನೆಯ ಕರಡನ್ನು ತಂದಿತು. ದಿವಂಗತ ಪೋಪ್ ಫ್ರಾನ್ಸಿಸರ ‘ಲೌದಾತೋ ಸೀ’ ವಿಶ್ವಪತ್ರ ಬಂದದ್ದು 2015ರಲ್ಲಿ. ಸೃಷ್ಟಿಯಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದಿದೆ, ಭೂಮಿಯ ಅಳಲು ಮತ್ತು ಬಡವರ ಅಳಲು ಬೇರೆ ಬೇರೆಯಲ್ಲ ಎಂದು ಅವರು ನಮಗೆ ಕಲಿಸಿದರು. ಸತ್ತವರು ಎದ್ದುಬಂದು ಹೇಳಲೆಂದು ಕಾಯುವ ಅಗತ್ಯವಿಲ್ಲ. ಸತ್ತವರೊಳಗಿಂದ ಎದ್ದುಬಂದವರು ಒಬ್ಬರಿದ್ದಾರೆ, ಪ್ರತಿ ಭಾನುವಾರ ನಾವು ಅವರನ್ನೇ ಪರಮಪ್ರಸಾದದಲ್ಲಿ ಸ್ವೀಕರಿಸುತ್ತೇವೆ.

ಬಾಗಿಲು ತೆರೆಯುವ ಪ್ರಯತ್ನಗಳೂ ನಡೆದಿವೆ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರಾಗಿದ್ದ ಜಯಂತ ಪಾಟೀಲರು ಬೆಂಗಳೂರಿಗೆ ಹೋಗಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರೊಂದಿಗೆ ಕೃಷ್ಣಾ ಕಣಿವೆಯ ನೆರೆ ನಿರ್ವಹಣೆ ಕುರಿತು ಮಾತನಾಡಿದರು. ಮರುತಿಂಗಳೇ ಮಹಾಪೂರ ಬಂತು. ಮಾತುಕತೆ ಮಳೆಯನ್ನು ನಿಲ್ಲಿಸಲಾರದು. ಆದರೆ ಎಷ್ಟು ನೀರು ಎಷ್ಟು ಹೊತ್ತಿಗೆ ಬರುತ್ತಿದೆ ಎಂದು ಮೇಲಿನವನು ಕೆಳಗಿನವನಿಗೆ ಹೇಳಿದರೆ, ಆ ಕೆಲವು ತಾಸುಗಳಲ್ಲಿ ಒಬ್ಬ ಮುದುಕಿಯನ್ನು, ಎರಡು ಎಮ್ಮೆಗಳನ್ನು, ಮಕ್ಕಳ ಶಾಲಾ ಪುಸ್ತಕಗಳನ್ನು ಎತ್ತರಕ್ಕೆ ಸಾಗಿಸಬಹುದು. ದೊಡ್ಡ ಅಣೆಕಟ್ಟಿನ ಸಮನ್ವಯವೆಂದರೆ ಕೊನೆಗೆ ಇದೇ: ನೆರೆಯವನಿಗೆ ಹೊತ್ತಿಗೆ ಸರಿಯಾಗಿ ಸತ್ಯ ಹೇಳುವುದು.

ಇಲ್ಲಿ ನಮ್ಮ ಚಿಕ್ಕ ಕನ್ನಡ ಸಮುದಾಯಕ್ಕೆ ಒಂದು ಕರೆ ಇದೆ. ನಾವು ಸಂಖ್ಯೆಯಲ್ಲಿ ಕಡಿಮೆ. ಮರಾಠಿಯವರ ನಡುವೆ ಕನ್ನಡದವರು, ಕನ್ನಡದವರ ನಡುವೆ ಮಹಾರಾಷ್ಟ್ರದವರು, ಎಲ್ಲರ ನಡುವೆ ಕ್ರೈಸ್ತರು. ಇದನ್ನು ನಾವು ಕೊರತೆಯೆಂದು ಎಣಿಸಬಾರದು. ಒಂದೇ ಪೀಠದ ಮುಂದೆ ಕನ್ನಡ, ಮರಾಠಿ, ಕೊಂಕಣಿಯಲ್ಲಿ ಪ್ರಾರ್ಥಿಸುವ ಅಭ್ಯಾಸ ನಮಗಿದೆ. ಕಣ್ಣು ಕೈಗೆ ‘ನೀನು ಬೇಡ’ ಎನ್ನಲಾಗದೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದನ್ನು ನಾವು ಪೂಜೆಯ ವೇಳಾಪಟ್ಟಿಯಲ್ಲಿಯೇ ಕಲಿತಿದ್ದೇವೆ. ಎರಡು ದಂಡೆಯ ಮಾತೂ ಬಲ್ಲವರು ಸೇತುವೆಯಾಗದಿದ್ದರೆ ಇನ್ನಾರು ಆಗಬೇಕು?

ಆದ್ದರಿಂದ ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತೇವೆ. ಮುಂದಿನ ಮಳೆಗಾಲದ ಮೊದಲು ನಮ್ಮ ಕಿರು ಕ್ರೈಸ್ತ ಸಮುದಾಯಗಳು ಹೊಳೆಯ ಕೆಳದಂಡೆಯ ಧರ್ಮಕೇಂದ್ರಗಳೊಡನೆ ಮಾತನಾಡಿ ಸಂಪರ್ಕದ ಒಂದು ಪಟ್ಟಿ ಮಾಡಿಕೊಳ್ಳಲಿ. ಜಿಲ್ಲಾಡಳಿತ ಮರಾಠಿಯಲ್ಲಿ ಕೊಡುವ ನೀರಿನ ಮಟ್ಟದ ಸೂಚನೆಯನ್ನು ಕನ್ನಡ ಮಾತ್ರ ಬಲ್ಲ ಕೂಲಿ ಕುಟುಂಬಗಳಿಗೆ ನಮ್ಮ ಯುವಕರು ತಿಳಿಸಲಿ, ಗಾಳಿಮಾತು ಸೇರಿಸದೆ. ಗ್ರಾಮಸಭೆಗೆ ಹೋಗಿ, ನೀಲಿ ರೇಖೆಯ ಒಳಗೆ ಕಟ್ಟಡ ಏಳುತ್ತಿದ್ದರೆ ಕೇಳೋಣ. ಸಂಸ್ಕರಿಸದ ನೀರನ್ನು ಹೊಳೆಗೆ ಬಿಡುವ ಕೆಲಸ ಒಬ್ಬ ಕೂಲಿಕಾರನ ಪಾಲಿಗೆ ಬಂದರೆ, ಅವನೊಬ್ಬನೇ ನೌಕರಿ ಕಳೆದುಕೊಂಡು ಹೊಳೆ ಉಳಿಸಲೆಂದು ನಾವು ಬೋಧಿಸುವುದಿಲ್ಲ. ಅದು ಭಾರವನ್ನು ಲಾಜರನ ಹೆಗಲಿಗೇ ಹೊರಿಸಿದಂತೆ. ಅಂಥ ಕಡೆ ಎಲ್ಲ ಧರ್ಮದ ನೆರೆಹೊರೆಯವರೊಂದಿಗೆ, ಮಾಲೀಕರೊಂದಿಗೆ, ಅಧಿಕಾರಿಗಳೊಂದಿಗೆ ಒಟ್ಟಾಗಿ ಕೂತು ಮಾತನಾಡಬೇಕು. ನಿಧಾನದ ಕೆಲಸ ಅದು. ಆದರೆ ಬಾಗಿಲು ತೆಗೆಯುವುದು ಹಾಗೆಯೇ.

ರಾಧಾನಗರಿಯ ಅಣೆಕಟ್ಟಿಗೆ ತಾವಾಗಿಯೇ ತೆರೆದುಕೊಳ್ಳುವ ಏಳು ಬಾಗಿಲುಗಳಿವೆ. ನೀರು ತುಂಬಿ ಒತ್ತಿದಾಗ ಯಾರ ಅಪ್ಪಣೆಯನ್ನೂ ಕಾಯದೆ ಅವು ತೆರೆಯುತ್ತವೆ. ಮನುಷ್ಯನ ಹೃದಯದ ಬಾಗಿಲು ಹಾಗಲ್ಲ. ಹೊರಗಿನ ನೋವು ಎಷ್ಟೇ ಒತ್ತಿದರೂ ಒಳಗಿನಿಂದ ತೆಗೆದರೆ ಮಾತ್ರ ಅದು ತೆರೆಯುತ್ತದೆ. ನಮ್ಮ ಮತ್ತು ನೆರೆಯವರ ನಡುವೆ ಇರುವುದು ಇನ್ನೂ ಬಾಗಿಲೇ, ಕಂದರವಲ್ಲ. ಕಾಲವಿದೆ.

ಪ್ರಾರ್ಥಿಸೋಣ: ಪರಲೋಕದ ತಂದೆಯೇ, ಘಟ್ಟದಿಂದ ಕಡಲಿನವರೆಗೆ ಒಂದೇ ನೀರನ್ನು ಹರಿಸಿದವರು ನೀವು. ಮೇಲೆ ಇರುವ ನಮಗೆ ಕೆಳಗಿನವರ ನೆನಪನ್ನು, ಕೆಳಗೆ ಇರುವ ನಮಗೆ ಮೇಲಿನವರ ಮೇಲೆ ವಿಶ್ವಾಸವನ್ನು ಕೊಡಿ. ಎರಡೂ ರಾಜ್ಯಗಳ ಅಧಿಕಾರಿಗಳಿಗೆ, ಎಂಜಿನಿಯರರಿಗೆ, ಅರಣ್ಯ ಕಾಯುವವರಿಗೆ ವಿವೇಕವನ್ನೂ ಪರಸ್ಪರ ಮಾತನಾಡುವ ಮನಸ್ಸನ್ನೂ ದಯಪಾಲಿಸಿ. ನಮ್ಮ ಬಾಗಿಲಲ್ಲಿ ಇರುವವರನ್ನು ಇಂದೇ ಕಾಣುವ ಕಣ್ಣು ಕೊಡಿ. ನಮ್ಮ ಪ್ರಭು ಯೇಸುಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.