ಮರದ ಗಂಟಿಗೆ ಕಟ್ಟಿದ ಬೆಲೆ

ಶ್ರವಣಬೆಳಗೊಳದ ಜೈನ ಮಠದ ಭಿತ್ತಿಯಲ್ಲಿ ಷಡ್‌ಲೇಶ್ಯೆಗಳ ಚಿತ್ರವಿದೆ. ಹಸಿದ ಆರು ಮಂದಿ ಫಲಭರಿತವಾದ ಒಂದು ವೃಕ್ಷದ ಬಳಿಗೆ ಬಂದಿದ್ದಾರೆ. ಬಿದ್ದ ಹಣ್ಣನ್ನಷ್ಟೇ ಆಯ್ದುಕೊಳ್ಳುವವನು ಶುಕ್ಲಲೇಶ್ಯೆಯವನು. ಮರವನ್ನು ಬುಡಸಹಿತ ಕೀಳಬಯಸುವವನು ಕೃಷ್ಣಲೇಶ್ಯೆಯವನು. ನೇಮಿಚಂದ್ರಾಚಾರ್ಯರ ಗೊಮ್ಮಟಸಾರದಲ್ಲಿಯೂ ಬರುವ ಈ ದೃಷ್ಟಾಂತವನ್ನು ಕೇಳದ ಶ್ರಾವಕರು ವಿರಳ. ಹಣ್ಣಿಗಾಗಿ ಯಾರಾದರೂ ಬೇರನ್ನು ಕೀಳುವರೇ ಎಂದು ಮಕ್ಕಳು ಕೇಳುವುದುಂಟು. ಬೇರಿನಲ್ಲಿಯೇ ಬೆಲೆಯಿರುವ ಮರವೊಂದು ಇದೆಯೆಂದು ಅವರಿಗೆ ಹೇಳಬೇಕಾಗುತ್ತದೆ.

ಅದು ಉತ್ತರ ಆಫ್ರಿಕಾದ ಮೊರಾಕ್ಕೋ ದೇಶದಲ್ಲಿ ಬೆಳೆಯುವ ಥೂಯಾ. ಸೂಚಿಪರ್ಣ ಜಾತಿಯ ಮರಗಳು ಕಡಿದ ಮೇಲೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ, ಥೂಯಾ ಚಿಗುರುತ್ತದೆ. ನೆಲಮಟ್ಟದಲ್ಲಿ ಅದರ ಬುಡ ಊದಿಕೊಂಡು ಗಂಟಾಗುತ್ತದೆ. ಅದರೊಳಗೆ ಸುಪ್ತವಾದ ಮೊಗ್ಗುಗಳಿರುತ್ತವೆ. ಕಾಡ್ಗಿಚ್ಚಿಗೋ ಕೊಡಲಿಗೋ ಮರ ಸಿಕ್ಕಿದರೆ ಅಲ್ಲಿಂದಲೇ ಮರುಜೀವ. ಈ ಗಂಟನ್ನು ಸೀಳಿ ನಯಗೊಳಿಸಿದಾಗ ಕೆಂಗಂದು ಹಿನ್ನೆಲೆಯಲ್ಲಿ ಪುಟ್ಟ ಪುಟ್ಟ ಕಣ್ಣುಗಳು ಮೂಡುತ್ತವೆ. ಎಸ್ಸಾವೀರಾ ಪಟ್ಟಣದ ಕುಶಲಕರ್ಮಿಗಳ ಪೆಟ್ಟಿಗೆಗಳು ಪ್ರಸಿದ್ಧವಾದದ್ದು ಆ ಕಣ್ಣುಗಳಿಂದ. ಗಂಟು ಬೇಕಾದರೆ ಬುಡವನ್ನೇ ಅಗೆಯಬೇಕು. ಅಗೆದ ಬಳಿಕ ಚಿಗುರಿಲ್ಲ. ಕೊಳ್ಳುವವನು ಮೆಚ್ಚಿ ಹಣ ತೆರುವುದು ಹುಟ್ಟಬೇಕಾಗಿದ್ದ ಚಿಗುರಿಗೆ. ಕಂದಮೂಲವನ್ನು ವರ್ಜಿಸುವ ಮನೆಯಲ್ಲಿ ಇದು ಯೋಚಿಸತಕ್ಕ ಸಂಗತಿ.

ಈ ಮೋಹ ಹೊಸದಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಇದೇ ಮರದ ಮೇಜುಗಳ ಹುಚ್ಚನ್ನು ವರ್ಣಿಸಿದ್ದಾನೆ. ವಾಗ್ಮಿ ಸಿಸಿರೋ ಒಂದು ಮೇಜಿಗೆ 5 ಲಕ್ಷ ಸೆಸ್ಟರ್ಸ್ ತೆತ್ತಿದ್ದನಂತೆ. ಹುಲಿಯ ಪಟ್ಟೆಯಂತಹ ಗೆರೆಗಳಿಗೆ ಒಂದು ಹೆಸರು, ಚಿರತೆಯ ಚುಕ್ಕೆಯಂತಹವುಗಳಿಗೆ ಇನ್ನೊಂದು. ಅತ್ಯುತ್ತಮ ಮರ ಕೊಡುತ್ತಿದ್ದ ಆಂಕೋರೇರಿಯಸ್ ಪರ್ವತ ತನ್ನ ಕಾಲಕ್ಕಾಗಲೇ ಬರಿದಾಗಿತ್ತೆಂದೂ ಅವನು ಬರೆದಿದ್ದಾನೆ.

ವೆನೀರ್, ಅಂದರೆ ಮರದ ತೆಳುಹಾಳೆ, ಇದಕ್ಕೆ ಪರಿಹಾರವೆಂದು ವ್ಯಾಪಾರಿಗಳು ವಾದಿಸುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ಒಂದು ಅಂಗುಲ ದಪ್ಪದ ಮರದಿಂದ ಅರ್ಧ ಮಿಲಿಮೀಟರಿನ 50 ಹಾಳೆಗಳು. ಅಲಗಿನಿಂದ ಸೀಳುವುದರಿಂದ ಗರಗಸದ ಹೊಟ್ಟಿನ ನಷ್ಟವೂ ಇಲ್ಲ. ಐವತ್ತು ಹಲಗೆಗಳ ಬದಲಿಗೆ ಒಂದೇ ಹಲಗೆ ಸಾಕಾದರೆ ಅದು ಅಹಿಂಸೆಯಲ್ಲವೇ? ಆ ಐವತ್ತು ಮಂದಿ ಇಡೀ ಹಲಗೆಯನ್ನು ಕೊಳ್ಳುವವರಾಗಿದ್ದರೆ ಹೌದು. ಬಹುಪಾಲು ಜನರ ಕೈಗೆ ಅದು ಎಟುಕುತ್ತಿರಲಿಲ್ಲ. ಹಾಳೆ ಬಂದ ಮೇಲೆ ಆಸೆಯೂ ಎಟುಕುವಂತಾಯಿತು. ಒಂದೇ ಮರವನ್ನು ಹಲವು ಸಲ ಮಾರುವ ಉಪಾಯವೆಂದು ಪ್ಲಿನಿ ತೆಳುಹಾಳೆಯನ್ನು ಅಂದೇ ಗುರುತಿಸಿದ್ದ. ವ್ಯಾಪಾರದ ಮರ್ಮವನ್ನು ಅವನು ಚೆನ್ನಾಗಿ ಬಲ್ಲವನು.

ಸೌಂದರ್ಯಕ್ಕೇ ಈ ಬೆಲೆ ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ನಮ್ಮ ಮಲೆನಾಡಿನ ಬೀಟೆಯನ್ನು ನೋಡಬಹುದು. ಬೀಟೆಯ ಕಪ್ಪು-ನೇರಳೆ ಗೆರೆಗಳನ್ನು ಪಾಪ್ಲರ್‌ನಂತಹ ಬೇಗ ಬೆಳೆಯುವ ಮರದ ಹಾಳೆಗಳಿಗೆ ಬಣ್ಣವುಣಿಸಿ, ಒತ್ತಿ, ಮತ್ತೆ ಸೀಳಿ ಇಂದು ಕಾರ್ಖಾನೆಯಲ್ಲಿ ಮೂಡಿಸುತ್ತಾರೆ. ಬಾಗಿಲಿಗೆ ಅಂಟಿಸಿದ ಮೇಲೆ ಅನೇಕರಿಗೆ ವ್ಯತ್ಯಾಸ ತಿಳಿಯದು. ಆದರೂ ನಿಜವಾದ ಬೀಟೆಯೇ ಬೇಕು. 2017ರಿಂದ ಬೀಟೆಯ ಕುಲದ ಬಹುತೇಕ ಮರಗಳು ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿ ಅಂತರರಾಷ್ಟ್ರೀಯ ವಹಿವಾಟು ನಿಯಂತ್ರಣಕ್ಕೊಳಪಟ್ಟಿದೆ. ಕೆಲವರಿಗೆ ಅದೇ ಹೊಸ ಆಕರ್ಷಣೆ. ಕಣ್ಣು ತೃಪ್ತಿಪಟ್ಟರೂ ಮನಸ್ಸು ತೃಪ್ತಿಪಡದಿದ್ದಾಗ ಕೊಳ್ಳುತ್ತಿರುವ ವಸ್ತು ಯಾವುದು? ನೆರೆಯವನಲ್ಲಿ ಇಲ್ಲ ಎಂಬುದೇ ಆ ವಸ್ತು. ತತ್ತ್ವಾರ್ಥಸೂತ್ರವು ಮೂರ್ಛೆಯನ್ನೇ ಪರಿಗ್ರಹವೆಂದಾಗ ಹೇಳಿದ್ದು ಇಂತಹ ಮಮಕಾರವನ್ನೇ.

ಮರವನ್ನು ಕಡಿದವನು ಬೇರೆ, ಅಗೆದವನು ಬೇರೆ ಎಂಬ ಸಮಾಧಾನಕ್ಕೆ ಜೈನಶಾಸ್ತ್ರದಲ್ಲಿ ಎಡೆ ಕಡಿಮೆ. ಕೃತ, ಕಾರಿತ, ಅನುಮೋದನೆ ಮೂರೂ ಆಸ್ರವಕ್ಕೆ ದ್ವಾರಗಳು. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಹೇಳಿರುವ ಖರಕರ್ಮಗಳಲ್ಲಿ ಕಾಡು ಕಡಿದು ಬದುಕುವ ವನಜೀವಿಕೆಯೂ ಒಂದು. ಶ್ರಾವಕರು ಆ ವೃತ್ತಿಯಿಂದ ದೂರವಿದ್ದಾರೆ, ಸರಿ. ಆದರೆ ಅಂಗಡಿಯಲ್ಲಿ ಮಾದರಿಹಾಳೆಯ ಮೇಲೆ ಬೆರಳಿಟ್ಟು ಇದೇ ಇರಲಿ ಎನ್ನುವುದು ಮೂರರಲ್ಲಿ ಯಾವುದು?

ಇಲ್ಲಿ ವ್ರತದ ಲೆಕ್ಕದಲ್ಲಿಯೂ ಒಂದು ತೊಡಕಿದೆ. ಪರಿಗ್ರಹಪರಿಮಾಣದಲ್ಲಿ ಗೃಹೋಪಕರಣಗಳನ್ನು ಅನೇಕರು ಸಂಖ್ಯೆಯಿಂದ ಮಿತಿಗೊಳಿಸುತ್ತಾರೆ: ಮೇಜು ಇಷ್ಟು, ಮಂಚ ಇಷ್ಟು. ಹಲಸಿನ ಮೇಜೂ ಒಂದೇ, ಥೂಯಾ ಗಂಟಿನ ಮೇಜೂ ಒಂದೇ, ವ್ರತಭಂಗವಾಗುವುದಿಲ್ಲ. ಆದುದರಿಂದ ವ್ರತವನ್ನು ಸ್ವೀಕರಿಸುವಾಗ ಸಂಖ್ಯೆಯ ಪಕ್ಕದಲ್ಲಿ ಬೆಲೆಯ ಮಿತಿಯನ್ನೂ ಬರೆದಿಡುವುದು ಉಚಿತ. ಲೆಕ್ಕದ ಪುಸ್ತಕ ಬರೆಯಬಲ್ಲ ವರ್ತಕ ಶ್ರಾವಕರಿಗೆ ಅದೇನೂ ಕಷ್ಟವಲ್ಲ.